ಬೈಕಿಗೆ ಹೊಯ್ದ ಗೋಮೂತ್ರ

ನರಸಿಂಹ, ನಮ್ಮ ಬೈಕಿನ ಪೆಟ್ರೋಲ್ ಪಂಪನ್ನು ನೀನು ಕದ್ದಿರಲಿಲ್ಲ. ಕದ್ದೆ ಎಂದು ಊರಿಗೆಲ್ಲ ಹೇಳಿದವಳು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ನಿನ್ನನ್ನು ಹೆತ್ತ ಆಯಿಗೂ ನನಗೂ ಆಗುತ್ತಿರಲಿಲ್ಲ. ಬೇಲಿಯಾಚೆಯಿಂದ ನನ್ನ ದನಕ್ಕೆ ಕಲ್ಲು ಹೊಡೆದವಳು ಅವಳು — ಸತ್ತಳೆಂದು ನಾನದನ್ನು ಮರೆಯುವವಳಲ್ಲ. ಅವಳನ್ನು ಸುಟ್ಟ ದಿನ ನನ್ನ ಮಗ ಶ್ರೀಧರ ಬೈಕಿನಲ್ಲೇ ಸ್ಮಶಾನಕ್ಕೆ ಹೋಗಿಬಂದು ಮಿಂದ. ಅವನು ಮಿಂದರೆ ಸಾಕೇ? ಬೈಕೂ ಹೋಗಿತ್ತಲ್ಲ! ಸೀಟು ಎತ್ತಿ ಒಂದು ತಂಬಿಗೆ ಗೋಮೂತ್ರ ಒಳಗೆ ಹೊಯ್ದೆ. ಮೈಲಿಗೆ ಕಳೆಯಲು ನಾಲ್ಕು ಹನಿ ಚಿಮುಕಿಸಿದ್ದರೆ ಆಗುತ್ತಿತ್ತು. ನಿನ್ನ ಆಯಿಯ ಮೈಲಿಗೆಗೆ ತಂಬಿಗೆಯೇ ಬೇಕೆನಿಸಿತು — ಅಷ್ಟು ದ್ವೇಷ.

ಕೆಲವು ವಾರ ಕಳೆದ ಮೇಲೆ ಬೈಕು ಸ್ಟಾರ್ಟ್ ಆಗಲಿಲ್ಲ. ರಿಪೇರಿಗೆಂದು ಗ್ಯಾರೇಜಿನಿಂದ ನೀನು ಬಂದೆ, ಬೋಳಿಸಿದ ತಲೆಯಲ್ಲಿ ಆಗಷ್ಟೇ ಕೂದಲು ಬರುತ್ತಿತ್ತು. ಕೀಲಿ ತಿರುಗಿಸಿ ಕಿವಿಗೊಟ್ಟೆ.

“ಪಂಪಿಂದು ಕುಂಯ್ ಹೇಳ ಶಬ್ದ ಬತ್ತಿಲ್ಲೆ ಶ್ರೀಧರಣ್ಣ.”

ನೀನು ಫ್ಯೂಸು ನೋಡಿದೆ, ಸರಿಯಿತ್ತು. ಪಂಪಿಗೆ ಕರೆಂಟು ಬಿಡುವ ರಿಲೇ ಬದಲಿಸಿದೆ, ಆದರೂ ಸದ್ದಿಲ್ಲ. ಬಲ್ಬಿನ ವೈರು ಹಿಡಿದು, ಕರೆಂಟು ಎಲ್ಲಿಯವರೆಗೆ ಬರುತ್ತದೆಂದು ಹುಡುಕುತ್ತ ಹೋಗಿ ಪಂಪಿನ ಪ್ಲಗ್ಗು ಬಿಚ್ಚಿದೆ. ಒಳಗೆ ಹಸಿರು ಕಿಲುಬು. ಅದನ್ನು ಮೂಗಿನ ಹತ್ತಿರ ಹಿಡಿದೆ. ನೀನೂ ದನ ಸಾಕಿದವಳ ಮಗನೇ — ವಾಸನೆ ಗೊತ್ತಾಯಿತೇನೋ...

“ದೊಡ್ಡಾಯಿ, ಇದಕ್ಕೆ ಯಾರಾದ್ರೂ ಎಂತಾದ್ರೂ ಹೊಯ್ದಿದ್ವಾ?”

“ನಂಗೆಂತ ಗೊತ್ತಿದ್ದು? ರಿಪೇರಿ ಬತ್ತಿಲ್ಲೆ ಅಂದ್ರೆ ಹಂಗೇ ಹೇಳು. ಮನೆಯವ್ರ ಮೇಲೆ ಹಾಕಡ!”

ನೀನು ಮತ್ತೆ ಪ್ಲಗ್ಗಿಗೆ ಬಗ್ಗಿದೆ. ಕಿಲುಬು ಉಜ್ಜಿ ತೆಗೆದೆ, ಬೈಕು ಓಡಿತು. ವೈರಿನೊಳಗೂ ಇಳಿದಿತ್ತೇನೋ, ಎಂಟು ದಿನದಲ್ಲಿ ಮತ್ತೆ ನಿಂತಿತು.

“ಆಯಿ, ಸೀಟು ಎತ್ತಿದ್ದು ಯಾರೇ?” ಎಂದು ನಿನ್ನ ಮಾತು ನೆನೆದು ಕೇಳಿದ ಶ್ರೀಧರ.

ಸಾವಿನ ಮನೆಯ ಮೇಲಿನ ಸಿಟ್ಟಿಗೆ ಬೈಕು ಕೆಡಿಸಿದೆ ಎಂದು ಮಗನೆದುರು ಹೇಳುವುದು ಹೇಗೆ? “ಆ ನರಸಿಂಹನೇಯ. ಒಳ್ಳೆ ಪಂಪು ತೆಗದು ಹಳೇದು ಹಾಕಿದ್ದ,” ಎಂದೆ. ಮರುದಿನ ಹಾಲಿನ ಡೈರಿಯಲ್ಲೂ ಅದನ್ನೇ ಹೇಳಿದೆ. ನಮ್ಮೂರು ಭೈರುಂಬೆಯಲ್ಲಿ ನಿನಗೆ ‘ಪಂಪ್ ನರಸಿಂಹ’ ಎಂದು ಹೆಸರು ಬಿತ್ತು. “ಅವ್ನ ಹತ್ರ ಗಾಡಿ ಬಿಡದಾದ್ರೆ ಚಕ್ರ ಎಣಿಸ್ಕಂಡು ಬಿಡಿ” ಎಂದು ನಕ್ಕರು. ನಾನೂ ನಕ್ಕೆ. ನಿನ್ನ ಗ್ಯಾರೇಜಿಗೆ ಬೀಗ ಬಿತ್ತು. ಈಗ ಶಿರಸಿಯಲ್ಲಿ ಯಾರದೋ ಕೈಕೆಳಗೆ ದುಡಿಯುತ್ತೀಯಂತೆ.

ನಿನ್ನ ಆಯಿಯನ್ನು ನಾನು ಈಗಲೂ ಕ್ಷಮಿಸಿಲ್ಲ. ನೀನೂ ನನ್ನನ್ನು ಕ್ಷಮಿಸಬೇಡ. ಆದರೆ ಜಗಳ ಅವಳದೂ ನನ್ನದೂ — ಅನ್ನ ಹೋದದ್ದು ನಿನ್ನದು.

ನಾಳೆ ಡೈರಿಯಲ್ಲಿ ಎಲ್ಲರೂ ಹಾಲು ಅಳೆಸಲು ನಿಂತಿರುವಾಗ, ಹೊಯ್ದವಳು ನಾನು ಎಂದು ಹೇಳುತ್ತೇನೆ. ನಗುವವರು ನಗಲಿ. ಶ್ರೀಧರ ಮಾತು ಬಿಟ್ಟರೆ ಬಿಡಲಿ. ನೀನು ಮಾತ್ರ ಅಲ್ಲಿಗೆ ಬರಬೇಡ. ನಿನ್ನ ಮುಖ ನೋಡುತ್ತ ಹೇಳುವಷ್ಟು ಗಟ್ಟಿಗಿತ್ತಿ ನಾನಲ್ಲ.