ಗ್ರಿಲ್ಲಿನ ಜೊತೆ ಉಜ್ಜಿದ ಕಾವಲಿ

ಅಮೆರಿಕದ ರಾಲಿಯಲ್ಲಿದ್ದ ನಮ್ಮ ಟೌನ್‌ಹೌಸಿನ ಅಡುಗೆಮನೆಯಲ್ಲಿ ಒಂದು ದೋಸೆ ಹುಯ್ದರೆ ಸಾಕು, ಸ್ಮೋಕ್ ಅಲಾರ್ಮ್ ಬಾಯಿ ಬಡಿದುಕೊಳ್ಳುತ್ತಿತ್ತು. ಅದಕ್ಕೇ ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ದೋಸೆಯೆಲ್ಲ ಮನೆ ಹಿಂದಿನ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ, ಗ್ಯಾಸ್ ಗ್ರಿಲ್ಲಿನಲ್ಲಿ. ಪಕ್ಕದವರು ಮಾಂಸ ಸುಡುವ ಜಾಲರಿಯನ್ನು ನಾವು ತೆಗೆದಿಟ್ಟು, ಆ ಜಾಗದಲ್ಲಿ ಕಬ್ಬಿಣದ ಕಾವಲಿ ಇಡುತ್ತಿದ್ದೆವು.

ಕಾವಲಿ ಅಮ್ಮನದು. ನಾನು ಮೈಸೂರು ಬಿಡುವ ದಿನ ತನ್ನ ಒಲೆಯ ಮೇಲಿಂದಲೇ ಇಳಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಿದ್ದಳು. ಮೂವತ್ತು ವರ್ಷ ಎಣ್ಣೆ ಕುಡಿದು ಕಪ್ಪಗೆ ಮಿಂಚುತ್ತಿತ್ತು. ಅಮ್ಮ ತೀರಿಕೊಂಡಾಗ ನಮ್ಮ ಗ್ರೀನ್ ಕಾರ್ಡಿನ ಕಾಗದ ಅರ್ಧದಲ್ಲಿತ್ತು. ಈಗ ದೇಶ ಬಿಟ್ಟರೆ ಎಲ್ಲ ಮೊದಲಿನಿಂದ ಎಂದರು ವಕೀಲರು. ನಾನು ಹೋಗಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಅರ್ಧ ಈರುಳ್ಳಿಯಿಂದ ಕಾವಲಿಗೆ ಎಣ್ಣೆ ಸವರುವಾಗ ಅವಳ ಪಕ್ಕದಲ್ಲೇ ನಿಂತ ಹಾಗಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅದೇ ವರ್ಷ ನವೆಂಬರಿನ ಒಂದು ಶನಿವಾರ, ನಾನು ಸಾಮಾನು ತರಲು ಹೋಗಿದ್ದಾಗ, ನನ್ನ ಗಂಡ ಗ್ರಿಲ್ಲನ್ನು ಚಳಿಗಾಲಕ್ಕೆ ಎತ್ತಿಡಲು ಹೊರಟರು. ಮನೆಯಲ್ಲಿ ಒಂದು ಲೋಟ ತೊಳೆದವರಲ್ಲ, ಆದರೆ ಗ್ರಿಲ್ಲಿನ ಜೊತೆ ಬಂದ ಪುಸ್ತಕವೆಂದರೆ ಅವರಿಗೆ ವೇದ. ಸಿಲಿಂಡರ್ ಬಿಚ್ಚಿದರು, ಬರ್ನರ್ ಉಜ್ಜಿದರು, ಜಾಲರಿಗೆ ಜಿಡ್ಡು ಕರಗಿಸುವ ಅವನ್ ಕ್ಲೀನರ್ ಹೊಡೆದರು. ಪುಸ್ತಕ ಹೇಳಿದ್ದು ಅಷ್ಟೇ. ಇವರು ಪಕ್ಕದಲ್ಲಿದ್ದ ಕಾವಲಿಗೂ ಹೊಡೆದು, ತಂತಿ ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಟ್ಟಿದ್ದರು.

“ನೋಡೇ, ಹೊಸದರ ಥರ ಆಗಿದೆ! ಎಷ್ಟು ಗಲೀಜಿತ್ತು ಗೊತ್ತಾ?”

ನನ್ನ ಮೈ ಉರಿದುಹೋಯಿತು. “ಗಲೀಜಾ? ದೋಸೆ ಕಾವಲೀನ ಯಾರಾದ್ರೂ ಹೀಗೆ ಉಜ್ತಾರೇನ್ರೀ? ಮೈಸೂರಲ್ಲೇ ಹುಟ್ಟಿ ಬೆಳೆದ್ರಿ, ಅಷ್ಟು ದೋಸೆ ತಿಂದ್ರಿ, ಒಂದು ದಿನಾನೂ ಕಾವಲಿ ಕಡೆ ತಿರುಗಿ ನೋಡಿಲ್ವಾ?”

“ಅಯ್ಯೋ, ಕ್ಲೀನ್ ಮಾಡಿದ್ರೂ ಬೈತೀಯಲ್ಲೇ! ಇಂಡಿಯನ್ ಸ್ಟೋರಲ್ಲಿ ನಾನ್‌ಸ್ಟಿಕ್ ಬಂದಿದೆ. ನಾಳೇನೇ ಡ್ರೈವ್ ಮಾಡ್ಕೊಂಡು ಹೋಗಿ ತರೋಣ ಬಿಡು.”

ನಾನ್‌ಸ್ಟಿಕ್ಕಂತೆ! ಕೈಯಲ್ಲಿದ್ದ ಹಾಲಿನ ಕ್ಯಾನನ್ನು ಡೆಕ್ಕಿನ ಮೇಲೆ ಕುಕ್ಕಿದೆ. “ಅಮ್ಮನ ಮುಖ ನೋಡೋಕೂ ಹೋಗ್ಲಿಲ್ಲ ನಾನು. ಅವಳ ಕೈಯದು ಅಂತ ನನ್ನ ಹತ್ರ ಉಳಿದಿದ್ದು ಆ ಕಾವಲಿ ಮೇಲಿನ ಕಪ್ಪೊಂದೇ. ಅದನ್ನೂ ತೊಳೆದು ಹಾಕಿದ್ರಲ್ಲ!”

ಅವರು ಬ್ರಶ್ ಹಿಡಿದುಕೊಂಡೇ ನಿಂತರು. ಆ ಮುಖ ನೋಡಿ ಕರಗುವಷ್ಟು ಒಳ್ಳೆಯವಳು ನಾನಲ್ಲ. ವಾರವಿಡೀ ಪಾತ್ರೆ ಕುಕ್ಕಿ ಕುಕ್ಕಿ ಇಟ್ಟೆ. ವಕೀಲರ ಮಾತಿಗೆ ತೆಪ್ಪಗೆ ತಲೆಯಾಡಿಸಿದ ನನ್ನ ಮೇಲೂ ಅಷ್ಟೇ ಸಿಟ್ಟಿತ್ತು. ಗ್ರಿಲ್ಲಿಗೆ ಹೊದಿಕೆ ಹಾಕಿ ಗ್ಯಾರೇಜಿಗೆ ತಳ್ಳಿದ್ದು ಅವರೊಬ್ಬರೇ.

ಅಲಾರ್ಮ್ ಬಡಿದುಕೊಂಡರೆ ಬಡಿದುಕೊಳ್ಳಲಿ ಎಂದು ಕಾವಲಿಯನ್ನು ನಾನು ಒಳಗೆ ತಂದೆ. ಮೊದಮೊದಲ ದೋಸೆಗಳೆಲ್ಲ ಕಿತ್ತುಕೊಂಡು ಬಂದವು. ಚಳಿಗಾಲವಿಡೀ ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿ ಪಳಗಿಸಿದೆ. ಮಾರ್ಚ್ ಹೊತ್ತಿಗೆ ಕಪ್ಪು ಕೂತಿತು, ದೋಸೆ ಹರಿಯದೆ ಎದ್ದು ಬಂತು.

“ನೋಡ್ದ್ಯಾ, ಸರಿಹೋಯ್ತು” ಎಂದರು ಅವರು.

ಸರಿಹೋಗಿರಲಿಲ್ಲ. ಆ ಕಪ್ಪು ನಾನು ಹಚ್ಚಿದ್ದು.