ಆರನೇ ಗುಂಡಿಯ ಮೇಲಿನ ಗೆರೆ

ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವರು ಜೆಲ್ ಅಕ್ಕ. ಇಪ್ಪತ್ತೇಳು ವರ್ಷಗಳಿಂದ ಅವರದು ಒಂದೇ ಕೆಲಸ: ಅಂಗೈಯಗಲದ ಜೆಲ್ಲಿನ ಪುಟ್ಟ ಗುಂಡಿಗಳಿಗೆ ಹನಿ ಹನಿಯಾಗಿ ಮಾದರಿ ತುಂಬಿ, ವಿದ್ಯುತ್ ಹರಿಸಿ, ಮೂಡಿದ ಗೆರೆಗಳ ಚಿತ್ರ ತೆಗೆಯುವುದು. ಕೈ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಹನಿ ಪಕ್ಕದ ಮನೆಯ ಪಾಲು. ಅಕ್ಕನ ಹನಿ ಪಕ್ಕದ ಮನೆಗೆ ಹೋದದ್ದನ್ನು ಕಂಡವರಿಲ್ಲ. ಸಂಶೋಧನೆಗೆ ಬಂದವರೆಲ್ಲ ಮೊದಲ ವಾರ ಅವರ ಮುಂದೆ ಕೈಕಟ್ಟಿ ನಿಂತು ಕಲಿಯುತ್ತಾರೆ. ಪದವಿ ಸಿಕ್ಕಿ ಫೋಟೊ ತೆಗೆಸಿಕೊಳ್ಳುವಾಗ ಮಾತ್ರ ಅಕ್ಕನ ನೆನಪು ಒಬ್ಬರಿಗೂ ಬರುವುದಿಲ್ಲ. ಲೋಕವೇ ಹಾಗೆ, ಬಿಡಿ.

ಐವತ್ತೆಂಟಕ್ಕೆ ಅಕ್ಕನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಎರಡು ತಿಂಗಳಿಗೇ ಆ ಗೆರೆ ಬಂದು ವಕ್ಕರಿಸಿತು.

ಸಂಶೋಧಕಿಯೊಬ್ಬಳು ಚರ್ಮದ ಜೀವಕೋಶಗಳಲ್ಲಿ ಒಂದು ಪ್ರೋಟೀನನ್ನು ಕಡಿಮೆ ಮಾಡಿ ನೋಡುತ್ತಿದ್ದಳು. ಜೀನಿನಿಂದ ಮೊದಲು ಹೊರಡುವ ಆರ್‌ಎನ್‌ಎ ಒಂದು ಉದ್ದನೆಯ ಒರಟು ಪ್ರತಿ. ಅದರಲ್ಲಿ ಬೇಡದ್ದನ್ನು ಕತ್ತರಿಸಿ, ಬೇಕಾದ ತುಂಡುಗಳನ್ನು ಜೋಡಿಸಿದ ಮೇಲೆಯೇ ಅದು ಕೆಲಸಕ್ಕೆ ಬರುವುದು. ಯಾವ ತುಂಡು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಆರ್‌ಎನ್‌ಎಗೆ ಅಂಟಿಕೊಳ್ಳುವ ಕೆಲವು ಪ್ರೋಟೀನುಗಳ ಕೈಯಲ್ಲಿದೆ. ಅವಳು ಕಡಿಮೆ ಮಾಡಿದ್ದು ಅಂಥದ್ದೊಂದನ್ನು. ಅದಕ್ಕೆ ಒಡಹುಟ್ಟಿದಂತಿರುವ ಇನ್ನೊಂದು ಪ್ರೋಟೀನ್ ಇದೆ; ಪ್ರಯೋಗಾಲಯದವರ ಬಾಯಲ್ಲಿ ಮೊದಲಿನದು ದೊಡ್ಡದು, ಇದು ಚಿಕ್ಕದು. ಚಿಕ್ಕದರ ಆರ್‌ಎನ್‌ಎಯಲ್ಲಿ ಏನೂ ಬದಲಾಗುವುದಿಲ್ಲ, ಹೋಲಿಕೆಗೆ ಇರಲಿ ಎಂದುಕೊಂಡು ಅದನ್ನೂ ಅಕ್ಕನ ಕೈಗೆ ಕೊಟ್ಟಳು. ಜೆಲ್ಲಿನಲ್ಲಿ ಗಿಡ್ಡ ಪ್ರತಿ ಕೆಳಗೆ ಓಡುತ್ತದೆ, ಉದ್ದದ್ದು ಮೇಲೆಯೇ ಉಳಿಯುತ್ತದೆ. ಚರ್ಮದ ಕೋಶಗಳಲ್ಲಿ ಚಿಕ್ಕದರ ಗೆರೆ ಕೆಳಗೆ ಬರಬೇಕು. ಆರನೇ ಗುಂಡಿಯಲ್ಲಿ ಅದು ಮೇಲೆ ಬಂದು ಹೊಳೆಯುತ್ತಿತ್ತು. ಆ ಮೇಲಿನ ಗೆರೆಯನ್ನು ಅಕ್ಕ ಕಂಡದ್ದು ನರಕೋಶಗಳಲ್ಲಿ ಮಾತ್ರ.

"ನರಕೋಶದ ಡಬ್ಬಿಯಿಂದ ಟ್ಯೂಬ್ ತಗೊಂಡ್ರೇನೋ ಅಕ್ಕ," ಎಂದಳು ಅವಳು. "ಕಣ್ಣು ಇನ್ನೂ ಪೂರ್ತಿ ಸರಿಹೋಗಿಲ್ವಲ್ಲ."

ಬೇರೆ ದಿನವಾಗಿದ್ದರೆ ಅಕ್ಕ ಅವಳ ಗ್ರಹಚಾರ ಬಿಡಿಸುತ್ತಿದ್ದರು. ಆದರೆ ಕಣ್ಣಿನ ಭಯ ಅವರಿಗೂ ಇತ್ತು. "ಇದ್ರೂ ಇರಬಹುದಮ್ಮ," ಎಂದುಬಿಟ್ಟರು. ದಾಖಲೆ ಪುಸ್ತಕದಲ್ಲಿ 'ಟ್ಯೂಬ್ ಬದಲಾಗಿದೆ, ನನ್ನ ತಪ್ಪು' ಎಂದು ಬರೆದು ರುಜು ಹಾಕಿದರು. ವಿಭಾಗದ ಮುಖ್ಯಸ್ಥೆ ಮೇಡಂ ಬೈಯಲಿಲ್ಲ. ಸೋಮವಾರದಿಂದ ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹೋಗಿ, ಕಣ್ಣಿಗೆ ಆರಾಮ ಸಿಗುತ್ತೆ ಎಂದು ಮೆತ್ತಗೆ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ಅಕ್ಕನ ಗಂಡ ದರ್ಜಿ. ಸಂಜೆ ಕಾಜಾ ಹೊಲಿಯುತ್ತಲೇ ಎಲ್ಲ ಕೇಳಿಸಿಕೊಂಡರು.

"ನೀನು ಬದಲಾಯಿಸಿದ್ಯಾ?"

"ಇಲ್ಲ ಅನ್ಸುತ್ತೆ."

"ಅನ್ಸೋದೇನು? ಕತ್ತರಿ ತಪ್ಪಿದ್ರೆ ನನ್ನ ಕೈಗೆ ಗೊತ್ತಾಗುತ್ತೆ. ನಿನ್ನ ಕೈಗೆ ಗೊತ್ತಾಗಲ್ವಾ?"

ಅಕ್ಕ ತಮ್ಮ ಬಲಗೈ ನೋಡಿಕೊಂಡರು. "ಬದಲಾಯಿಸಿಲ್ಲ ರೀ," ಎಂದರು.

"ಮತ್ತೆ ಯಾವ ಸೌಭಾಗ್ಯಕ್ಕೆ ಬರೆದುಕೊಟ್ಟೆ?"



ಮರುದಿನ ಬಾಗಿಲು ತೆರೆಯುವ ಮೊದಲೇ ಹೋಗಿ ಮೇಡಂಗೆ ಕಾದರು. "ಇನ್ನೊಂದ್ಸಲ ಓಡಿಸ್ತೀನಿ. ಟ್ಯೂಬ್ ಮೇಲೆ ಹೆಸರು ಬೇಡ, ಬರೀ ನಂಬರ್ ಹಾಕಿ ನೀವೇ ಕೊಡಿ. ನರಕೋಶದ ಡಬ್ಬಿಗೆ ಬೀಗ ಹಾಕ್ಬಿಡಿ. ಆಮೇಲೂ ನನ್ನ ತಪ್ಪು ಅಂತಾದ್ರೆ ನಾನೇ ಹೋಗಿ ಗಾಜು ತೊಳೀತೀನಿ."

ಮೇಡಂ ಹಾಗೆಯೇ ಕೊಟ್ಟರು. ಹನ್ನೆರಡು ಗುಂಡಿ, ಹನ್ನೆರಡು ಹನಿ. ಜೆಲ್ ಓಡಿ ಮುಗಿದ ಮೇಲೆ ಮೂವರೂ ಪರದೆಯ ಮುಂದೆ ಕೂತರು. ಮೂರು ಗುಂಡಿಗಳಲ್ಲಿ ಮೇಲಿನ ಗೆರೆ. ಮೇಡಂ ಜೇಬಿನಿಂದ ಚೀಟಿ ತೆಗೆದು ನಂಬರು ನೋಡಿದರು. ದೊಡ್ಡ ಪ್ರೋಟೀನನ್ನು ಕಡಿಮೆ ಮಾಡಿದ್ದ ಮೂರೇ ಟ್ಯೂಬುಗಳವು. ಸಂಶೋಧಕಿ ಚೀಟಿ ಇಸಿದುಕೊಂಡು ತಾನೂ ಒಮ್ಮೆ ನೋಡಿದಳು.

"ನಮ್ಮ ಬುದ್ಧಿಗೆ ಮಂಕು ಕವಿದಿತ್ತು," ಎಂದರು ಮೇಡಂ. "ದೊಡ್ಡದು ಇರೋವರೆಗೂ ಚಿಕ್ಕದರ ಆರ್‌ಎನ್‌ಎ ಮೇಲೆ ಕೂತು ಒಂದು ತುಂಡು ಬಿಟ್ಟುಹೋಗೋ ಹಾಗೆ ಮಾಡ್ತಿತ್ತು. ಆ ತುಂಡಿಲ್ಲದ ಪ್ರತೀನ ಕೋಶ ಹರಿದು ಎಸೆಯುತ್ತೆ. ಈಗ ದೊಡ್ಡದು ಕಡಿಮೆಯಾಯ್ತು, ತುಂಡು ಉಳ್ಕೊಂಡ್ತು, ಚಿಕ್ಕದು ತಯಾರಾಗೋಕೆ ಶುರುವಾಯ್ತು. ನರಕೋಶದಲ್ಲೂ ನಡೆಯೋದು ಇದೇ."

"ದೊಡ್ಡದು ಹೋಯ್ತು ಅಂತ ಚಿಕ್ಕದಕ್ಕೆ ಯಾರು ಹೇಳಿ ಕಳಿಸ್ತಾರೆ?" ಎಂದು ಅಕ್ಕ ಕೇಳಿದರು.

"ಯಾರೂ ಇಲ್ಲ. ತಡೀತಿದ್ದದ್ದು ಹೋಯ್ತು, ಅಷ್ಟೇ."

ಅಕ್ಕನ ಮೈ ಜುಮ್ಮೆಂದಿತು. ಮೇಸ್ತ್ರಿಯಿಲ್ಲ, ಗಂಟೆಯಿಲ್ಲ, ಹಾಜರಿ ಪುಸ್ತಕವಿಲ್ಲ. ಕಣ್ಣಿಗೇ ಕಾಣದ ಕೋಶದೊಳಗೆ ಒಂದು ಇನ್ನೊಂದನ್ನು ಹಿಡಿದಿಟ್ಟಿದೆ. ಒಂದು ಸರಿದರೆ ಇನ್ನೊಂದು ಬಂದು ಆ ಜಾಗ ಹಿಡಿಯುತ್ತದೆ. ಇಷ್ಟು ವರ್ಷ ಗೆರೆಗಳನ್ನು ಕಂಡಿದ್ದರು, ಅವುಗಳ ಹಿಂದೆ ಇಂಥದ್ದು ಇದ್ದೀತೆಂದು ಎಣಿಸಿರಲಿಲ್ಲ. ನೋಡುತ್ತ ನೋಡುತ್ತ ಕಣ್ಣು ತುಂಬಿ ಬಂತು, ಅವರು ಒರೆಸಿಕೊಳ್ಳಲೂ ಇಲ್ಲ.

ಸಂಶೋಧಕಿ ದಾಖಲೆ ಪುಸ್ತಕ ತಂದು ಮುಂದಿಟ್ಟಳು. ಅಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಅಡ್ಡಗೆರೆ ಎಳೆದು ಕಾರಣ ಬರೆಯಬೇಕು. "ನಿಮ್ಮ ಮಾತು ನಂಬಿ ನಾನು ಈ ಗೆರೇನ ಬಿಟ್ಟೇಬಿಡ್ತಿದ್ದೆ ಅಕ್ಕ," ಎಂದಳು.

ಅಕ್ಕ 'ನನ್ನ ತಪ್ಪು' ಎಂಬುದರ ಮೇಲೆ ಅಡ್ಡಗೆರೆ ಎಳೆದರು. ಕಾರಣದ ಜಾಗದಲ್ಲಿ ಬರೆದರು: 'ಹೆದರಿ ಸುಳ್ಳು ಬರೆದಿದ್ದೆ.'