ಮಾವನವರ ಜೊತೆ ಮೆಟ್ಟಿಲು ಹತ್ತಿದ್ದು

ನಮ್ಮ ಆಫೀಸು ಸ್ಯಾನ್ ಡಿಯಾಗೋದ ಕರ್ನಿ ಮೆಸಾ ಬಡಾವಣೆಯಲ್ಲಿದೆ. ಹಿತ್ತಲಲ್ಲಿ ನಿಂಬೆಗಿಡ ಇಟ್ಟುಕೊಂಡ ಸಹೋದ್ಯೋಗಿಗಳು ಹಣ್ಣು ಹೆಚ್ಚಾದಾಗ ಚೀಲಗಟ್ಟಲೆ ತಂದು ಕಾಫಿ ಮೆಷಿನ್ನಿನ ಪಕ್ಕ ಸುರಿದುಬಿಡುತ್ತಾರೆ. ಮೊನ್ನೆ ಬಂದ ರಾಶಿಯಲ್ಲಿ ಒಂದು ಹಣ್ಣಿಗೆ ಎಲೆ ಅಂಟಿಕೊಂಡೇ ಇತ್ತು. ಸುಮ್ಮನೆ ಹಿಸುಕಿ ಮೂಗಿಗೆ ಹಿಡಿದೆ, ನೋಡಿ, ಮೊಣಕಾಲು ನಡುಗಿತು. ನಿಂಬೆ ಎಲೆಯ ವಾಸನೆಗೆ ಯಾರ ಮೊಣಕಾಲಾದರೂ ನಡುಗುತ್ತದೆಯೇ ಎಂದು ನೀವು ನಗಬಹುದು. ನೀವು ನಿಮ್ಮ ಮಾವನವರ ಜೊತೆ ಇಟಲಿಯಲ್ಲಿ ಮೆಟ್ಟಿಲು ಹತ್ತಿದವರಲ್ಲ, ಅದಕ್ಕೆ.

ಎರಡು ವರ್ಷದ ಹಿಂದಿನ ಮಾತು. ನನ್ನ ಹೆಂಡತಿ ವಿದ್ಯಾಳಿಗೆ ನೇಪಲ್ಸ್‌ನಲ್ಲಿ ಕಾನ್ಫರೆನ್ಸ್ ಇತ್ತು. ಹಾಸನದಿಂದ ಸ್ಯಾನ್ ಡಿಯಾಗೋದ ನಮ್ಮ ಮನೆಗೆ ಬರಲಿದ್ದ ಅವಳ ಅಪ್ಪನನ್ನು ದಾರಿಯಲ್ಲೇ ಅಲ್ಲಿಗೆ ಕರೆಸಿಕೊಂಡೆವು. ಅವಳ ಕಾನ್ಫರೆನ್ಸಿನ ದಿನ ನಾನೂ ಮಾವನವರೂ ಅಮಾಲ್ಫಿ ಕರಾವಳಿಯ ಒಂದು ಹಳೆಯ ಊರು ನೋಡಿಬರುವುದೆಂದಾಯಿತು. ಊರಿನ ಹೆಸರು ಹೇಳುವುದಿಲ್ಲ. ನನ್ನ ಉಚ್ಚಾರಣೆಯಲ್ಲಿ ಅದು ಅಲ್ಲಿಯ ಬಸ್ ಡ್ರೈವರಿಗೇ ಗುರುತು ಸಿಕ್ಕಿರಲಿಲ್ಲ. ಹೊರಡುವಾಗ ವಿದ್ಯಾ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪನ್ನ ನಿನ್ ಕೈಗೆ ಕೊಡ್ತಾ ಇದೀನಿ. ಅವರು ಏನೂ ಬಾಯ್ಬಿಟ್ಟು ಹೇಳಲ್ಲ. ನೀನೇ ಕೇಳ್ತಾ ಇರು," ಎಂದಳು. ಕೇಳ್ತೀನಿ ಎಂದೆ.

ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಮಾವನವರೂ ನಾನೂ ಇನ್ನೂ ಬೀಗರ ಊಟದ ಮರ್ಯಾದೆಯಲ್ಲೇ ಇದ್ದೆವು. "ನೀವು ಮೊದಲು", "ಇಲ್ಲ, ನೀವು ಮೊದಲು" ಎಂದು ನಿಂತು ಎಷ್ಟೋ ಲಿಫ್ಟ್‌ಗಳನ್ನು ಕಳೆದುಕೊಂಡಿದ್ದೇವೆ. ಹೆಣ್ಣು ಕೊಟ್ಟವರು ಅಳಿಯನ ಹತ್ತಿರ ಏನನ್ನೂ ಬಾಯಿಬಿಟ್ಟು ಕೇಳಬಾರದು ಎಂಬುದು ಅವರ ಕಾನೂನು. ಅತ್ತೆ ಬದುಕಿದ್ದಾಗ ತೊಂದರೆ ಇರಲಿಲ್ಲ. "ಅವರಿಗೆ ಒಂದ್ಚೂರು ಕಾಫಿ ಬೇಕಂತೆ", "ಅವರಿಗೆ ಫ್ಯಾನ್ ಗಾಳಿ ಆಗಲ್ವಂತೆ" ಎಂದು ಅವರೇ ಹೇಳಿಬಿಡುತ್ತಿದ್ದರು. ಅತ್ತೆ ಹೋದ ಮೇಲೆ ಮಾವನವರ ಪರವಾಗಿ ಹೇಳುವವರಿಲ್ಲ. ಮೇಲಾಗಿ ಮಾವನವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟರಾಗಿದ್ದವರು. ಸುಸ್ತು ಎಂಬ ಪದವನ್ನು ಬೇರೆಯವರಿಗೆ ಮಾತ್ರ ಬಳಸಿ ಅಭ್ಯಾಸ.

ಊರು ಚೆಂದವೇ. ಕಡಲಿಂದ ನೇರ ಎದ್ದ ಬಂಡೆ, ಅದರ ಮೇಲೆ ಒಂದರ ತಲೆ ಮೇಲೊಂದು ಕೂತ ಮನೆಗಳು, ತುದಿಯಲ್ಲಿ ಹಳದಿ ಹಸಿರು ಹೆಂಚಿನ ಗುಮ್ಮಟದ ಚರ್ಚು, ಹಿಂದೆ ಕಡಲುಗಳ್ಳರ ಮೇಲೆ ಕಣ್ಣಿಡಲು ಕಟ್ಟಿದ ಕಾವಲು ಗೋಪುರ. ನಾವು ಬಸ್ಸಿಳಿದದ್ದು ಕೆಳಗೆ. ಅಲ್ಲಿಂದ ಮೇಲಕ್ಕೆ ಎಲ್ಲ ಮೆಟ್ಟಿಲೇ. ಎರಡೂ ಕಡೆ ನಿಂಬೆ ತೋಟ, ಬಿಸಿಲಿಗೆ ಕಾದ ಎಲೆಯ ವಾಸನೆ.

ಅರ್ಧ ಹತ್ತುವಷ್ಟರಲ್ಲಿ ನನಗೆ ಏದುಸಿರು. ಆದರೆ ಎಪ್ಪತ್ತೆರಡರ ಮಾವ ಮುಂದೆ ಹತ್ತುತ್ತಿರುವಾಗ ನಲವತ್ತರ ಅಳಿಯ ಕೂರುವುದು ಹೇಗೆ? ಅಷ್ಟರಲ್ಲಿ ಅವರೇ ನಿಂತು, "ನೋಡಿ ಅಳಿಯಂದ್ರೆ, ಸಮುದ್ರ ಎಷ್ಟ್ ಚೆನ್ನಾಗಿದೆ," ಎಂದರು. ಮುಂದಿನ ತಿರುವಿನಲ್ಲಿ ನಾನು ಒಂದು ಬೆಕ್ಕನ್ನು ಮೆಚ್ಚಿದೆ. ಅದರಾಚೆ ಅವರು ಯಾರೋ ಒಣಹಾಕಿದ್ದ ಅಂಗಿಯನ್ನು ಮೆಚ್ಚಿದರು. ಕೊನೆಗೆ ಇಬ್ಬರೂ ಸೇರಿ ಒಂದು ಬೋಳು ಗೋಡೆಯನ್ನು ಬಹಳ ಹೊತ್ತು ನೋಡಿದೆವು. "ಹಳೇ ಕಾಲದ್ದು," ಎಂದರು. "ಗಟ್ಟಿ ಕೆಲಸ ಮಾವ," ಎಂದೆ. ನೀರಿನ ಬಾಟಲಿ ಚಾಚಿದರೆ, "ಬೇಡ ಬೇಡ, ನೀವು ಕುಡೀರಿ," ಎಂದರು. ಬಸ್ಸಿನಲ್ಲೂ ಹಾಗೇ ಅಂದಿದ್ದರು. ಇನ್ನೊಂದು ಹೋಳಿಗೆಗೆ ಮೂರು ಸಲ ಒತ್ತಾಯ ಮಾಡುವ ಜನ ನಾವು. ನೀರಿಗೆ ನಾನು ಎರಡು ಕಡೆಯೂ ಒಂದೊಂದೇ ಸಲ ಕೇಳಿ ಸುಮ್ಮನಾದೆ.

ಮುಂದಿನ ತಿರುವಿನಲ್ಲಿ ಅವರು ಏನನ್ನೂ ಮೆಚ್ಚಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಕುಸಿದು ಕೂತರು. ತುಟಿ ಒಣಗಿ ಬೆಳ್ಳಗಾಗಿತ್ತು, ಕೈ ತಣ್ಣಗಿತ್ತು.

"ಏನಿಲ್ಲ, ಸ್ವಲ್ಪ ತಲೆ ತಿರುಗ್ತು."

ಹೃದಯವೇ ಎಂದುಕೊಂಡೆ. ಈ ಮೆಟ್ಟಿಲಿಗೆ ಆಂಬುಲೆನ್ಸ್ ಎಲ್ಲಿಂದ ಬರಬೇಕು? ವಿದ್ಯಾಳಿಗೆ ಏನು ಹೇಳಲಿ? ಹೆದರಿಕೆಗೆ ಅಳುವೇ ಬಂತು. "ಎದೆ ನೋವಾ? ನಿಜ ಹೇಳಿ ಮಾವ! ಮರ್ಯಾದೆ ಎಲ್ಲ ಆಮೇಲೆ ನೋಡ್ಕೊಳ್ಳೋಣ," ಎಂದು ಕೂಗಿಬಿಟ್ಟೆ. ಅವರೆದುರು ಧ್ವನಿ ಎತ್ತಿದ್ದು ಅದೇ ಮೊದಲು.

ಅವರು ತಲೆ ತಗ್ಗಿಸಿದರು. "ಎದೆ ಅಲ್ಲ. ಬೆಳಿಗ್ಗೆಯಿಂದ ನೀರು ಕುಡಿದಿಲ್ಲ. ಕುಡಿದ್ರೆ ಒಂದಕ್ಕೆ ಹೋಗ್ಬೇಕಾಗತ್ತೆ, ಈ ವಯಸ್ಸಿಗೆ ತಡಿಯಕ್ಕಾಗಲ್ಲ. ಇಲ್ಲಿ ಭಾಷೆ ಬರಲ್ಲ. ಪ್ರತಿ ಸಲ ನಿಮ್ಮನ್ನ ಹೆಂಗೆ ಕೇಳೋದು? ನಿಮ್ಮತ್ತೆ ಇದ್ದಿದ್ರೆ..."

ನನ್ನ ಕೂಗಿಗೆ ಪಕ್ಕದ ಮನೆಯ ಅಜ್ಜಿಯೊಬ್ಬರು ಹೊರಬಂದಿದ್ದರು. ನೋಡಿದವರೇ ಕುರ್ಚಿ ತಂದರು, ನಿಂಬೆ ಹಿಂಡಿ ಸಕ್ಕರೆ ಕದಡಿದ ನೀರು ತಂದರು. ಮಾವನವರು ಲೋಟ ಹಿಡಿದು ನನ್ನ ಮುಖ ನೋಡಿದರು. "ಕುಡೀರಿ. ಟಾಯ್ಲೆಟ್ ನಾನು ಕೇಳ್ತೀನಿ," ಎಂದೆ. ಮೂರು ಲೋಟ ಕುಡಿದರು. ಮುಖಕ್ಕೆ ಬಣ್ಣ ಬಂತು. ಆಮೇಲೆ ಆ ಅಜ್ಜಿಯನ್ನು ಕೈಸನ್ನೆಯಲ್ಲಿ ನಾನು ಹೇಗೆ ಕೇಳಿದೆ ಎಂಬುದನ್ನು ವಿವರಿಸುವುದಿಲ್ಲ. ಅವರು ನಕ್ಕು ಒಳಬಾಗಿಲು ತೋರಿಸಿದರು. ಹಗುರಾಗಿ ಹೊರಬಂದ ಮಾವನವರು, "ನೀವೂ ಹೋಗ್ಬನ್ನಿ," ಎಂದರು. ಬೇಡ ಎನ್ನಲು ಬಾಯಿ ತೆರೆದವನು ಹೋಗಿಬಂದೆ.

ನಾವು ತುದಿ ಮುಟ್ಟಲಿಲ್ಲ. ಆ ಚರ್ಚಿನ ಒಳಗೆ ಹೇಗಿದೆ ಎಂದು ನನ್ನನ್ನು ಕೇಳಬೇಡಿ. ಇಳಿಯುವಾಗ ಮಾವನವರು ನನ್ನ ತೋಳು ಹಿಡಿದುಕೊಂಡರು. ಸದ್ಯ, ಇವರು ಬದುಕಿದ್ದಾರೆ, ನಾನೂ ಬದುಕಿದೆ ಎಂದುಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.

ಈಗ ಅವರು ಮತ್ತೆ ನಮ್ಮಲ್ಲಿಗೆ ಬಂದಿದ್ದಾರೆ. ವಿದ್ಯಾಳ ಆಫೀಸು ಎರಡು ಗಂಟೆ ದಾರಿಯ ಲಾಸ್ ಏಂಜಲೀಸಿನ ಕಲ್ವರ್ ಸಿಟಿಯಲ್ಲಿ; ವಾರದಲ್ಲಿ ಎರಡು ದಿನ ಅಲ್ಲೇ ಉಳಿಯುತ್ತಾಳೆ. ನಿನ್ನೆ ಅವಳನ್ನು ಕರೆತರಲು ನಾವಿಬ್ಬರೂ ಹೊರಟಿದ್ದೆವು. ಅರ್ಧ ದಾರಿಯಲ್ಲಿ, "ಅಳಿಯಂದ್ರೆ, ಮುಂದಿನ ಎಕ್ಸಿಟ್ ತಗೊಳ್ಳಿ, ಅರ್ಜೆಂಟು," ಎಂದರು. ತಗೊಂಡೆ. ಪೆಟ್ರೋಲ್ ಬಂಕಿನಿಂದ ವಾಪಸು ಬಂದು ಬೆಲ್ಟ್ ಹಾಕಿಕೊಂಡವರು, "ಇನ್ನೊಂದು ಕೇಳ್ಲಾ?" ಎಂದರು.

"ಕೇಳಿ ಮಾವ."

"ಊರಿಗೆ ವಾಪಸ್ ಹೋಗೋ ಟಿಕೆಟ್ ಒಂದ್ ತಿಂಗಳು ಮುಂದಕ್ಕೆ ಹಾಕ್ಸಕ್ಕಾಗತ್ತಾ? ನಿಮ್ಮ ಜೊತೆ ಇರೋದು ನಂಗೆ ಇಷ್ಟ."

ಆಗತ್ತೆ ಎಂದು ತಲೆಯಾಡಿಸಿ ಗಾಡಿ ತೆಗೆದೆ. ಖುಷಿಗೆ ಫ್ರೀವೇ ದಾರಿ ತಪ್ಪಿ ಅದೇ ಬಂಕಿಗೆ ಎರಡು ಸುತ್ತು ಹಾಕಿದೆ.